ಗುಡ್ಡದ ತಿರುವಿನಲ್ಲಿ ಬಿಟ್ಟ ಬೂಟು

"ಕೊಲಿ ಮಾಡೋನಾಗಿದ್ರ ಇಲ್ಲೇ ಮಾಡಿ, ಇದೇ ಹೊಟ್ಟಿನೊಳಗ ಮುಚ್ಚಿ ಬಿಡ್ತಿದ್ನಿ, ಮೇಡಂ. ಕುರುಗೋಡು ತನಕ ಹೆಣ ಹೊತ್ಕೊಂಡು ಹೋಗೋ ದರ್ದು ನನಗೇನಿತ್ತು?"

ಚನ್ನಬಸವರಾಜ ಇದನ್ನು ಚಹಾದ ಲೋಟಕ್ಕೆ ಊದುತ್ತ ಹೇಳಿದ, ಯಾರದೋ ಮನೆಯ ಮದುವೆಯ ಊಟದ ಬಗ್ಗೆ ಮಾತಾಡುವಷ್ಟು ಸಲೀಸಾಗಿ. ಅವನ ಹಿಂದೆ ಭತ್ತದ ಹೊಟ್ಟು ಮನೆಯೆತ್ತರಕ್ಕೆ ಬಿದ್ದಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಗಳ ಹೊಟ್ಟನ್ನೆಲ್ಲ ತಂದು ಸುಟ್ಟು ಕರೆಂಟು ತೆಗೆಯುವ ಕಾರ್ಖಾನೆ ಅವನದು. ಒಂದಿಷ್ಟು ಗಾಳಿ ಬೀಸಿದರೂ ಸಾಕು, ಧೂಳೆದ್ದು ಕಣ್ಣು, ಮೂಗು, ಚಹಾ ಎಲ್ಲದರೊಳಗೂ ಬೀಳುತ್ತಿತ್ತು.

ಯಶೋಧರಾ ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಇಂಥ ದೊಡ್ಡ ಮನುಷ್ಯರ ಎದುರು ಕೂತು ಅಭ್ಯಾಸವಿರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಹಡಿ ಮೇಲೊಂದು ಕೋಣೆ ಹಿಡಿದು ಪತ್ತೇದಾರಿ ನಡೆಸುತ್ತಿದ್ದಳು. ಮದುವೆಗೆ ಮುಂಚೆ ಹುಡುಗ ಕುಡಿಯುತ್ತಾನೋ ಇಲ್ಲವೋ, ಹುಡುಗಿಗೆ ಬೇರೆ ಕಡೆ ಮನಸ್ಸಿದೆಯೋ ಹೇಗೆ ಎಂದು ತಿಳಿದು ಹೇಳುವುದೇ ಅವಳ ಹೊಟ್ಟೆಪಾಡು. ಕೊಲೆಯ ಪ್ರಕರಣ ಕೈಗೆ ಬಂದಿದ್ದು ಇದೇ ಮೊದಲು, ಬಂದಾಗಿನಿಂದ ನಿದ್ದೆ ಹೋಗಿತ್ತು.

ಸತ್ತವನು ಸಮ್ರಾಟ್. ಬೇರೆಯವರು ದುಡ್ಡು ಹಾಕಲು ಹಿಂದೆ ಮುಂದೆ ನೋಡುವ ಹೊಸ ಸೀಮೆಗಳನ್ನೇ ಹುಡುಕಿ, ಅಲ್ಲಿನ ಕರೆಂಟು ಉದ್ಯಮಕ್ಕೆ ಬಂಡವಾಳ ಹೂಡುವ ಸಿಂಗಪುರದ ಸಂಸ್ಥೆಯೊಂದರ ತಪಾಸಣೆಗಾರ. ಈ ಸಲ ಆ ಬಂಡವಾಳ ಬೀಳಬೇಕಿದ್ದದ್ದು ಎರಡರಲ್ಲಿ ಒಂದಕ್ಕೆ. ಸಿರುಗುಪ್ಪದ ಈ ಹೊಟ್ಟಿನ ಕಾರ್ಖಾನೆ ದೊಡ್ಡದಾಗಬೇಕು, ಇಲ್ಲವೇ ಕುರುಗೋಡಿನ ಆಚೆಯ ಸುಂಕಲಮ್ಮನ ಗುಡ್ಡದ ಮೇಲೆ ಗಾಳಿಯಂತ್ರಗಳು ಏಳಬೇಕು. ಯಾವುದೆಂದು ಹೇಳಬೇಕಾದವನು ಸಮ್ರಾಟ್. ಹೇಳುವ ಮೊದಲೇ, ಗುಡ್ಡದ ತುದಿಯಲ್ಲಿ ಗಾಳಿ ಅಳೆಯಲು ನಿಲ್ಲಿಸಿದ್ದ ಕಬ್ಬಿಣದ ಕಂಬದ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ.

"ನಿಮಗ ಬರಬೇಕಾಗಿದ್ದ ಬಂಡವಾಳ ಗುಡ್ಡಕ್ಕ ಹೋಗೋದಿತ್ತು, ಸಾವ್ಕಾರ್ರ. ಅದು ಸಣ್ಣ ಮಾತೇನ್ರಿ?" ಎಂದಳು.

ಚನ್ನಬಸವರಾಜ ಲೋಟ ಕೆಳಗಿಟ್ಟ. ಮೊದಲೆಲ್ಲ ಹೊಟ್ಟನ್ನು ಒಯ್ದರೆ ಪುಣ್ಯ ಬಂದೀತು ಎನ್ನುತ್ತಿದ್ದ ಗಿರಣಿಯವರು ಈಗ ಒಂದೊಂದು ಲಾರಿಗೂ ಹರಾಜು ಹಾಕಿದಂತೆ ಕೂಗಿಸುತ್ತಾರೆ, ಇಟ್ಟಿಗೆ ಭಟ್ಟಿಯವರು ಬರುತ್ತಾರೆ, ರಾಯಚೂರು ಕಡೆಯ ಕಾರ್ಖಾನೆಯವರು ಬರುತ್ತಾರೆ, ಇಷ್ಟೆಲ್ಲ ಜಗ್ಗಾಟದ ನಡುವೆ ತಾನು ಈ ಬಂಡವಾಳಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದು ನಿಜ ಎಂದು ಒಪ್ಪಿಕೊಂಡ. ಸಮ್ರಾಟ್‌ನನ್ನು ಮಾತ್ರ ಹೊಗಳಿದ. ಬಂದವರೆಲ್ಲ ಮೂಗು ಮುಚ್ಚಿಕೊಂಡು ದೂರದಲ್ಲಿ ನಿಂತು ಫೋಟೋ ಹೊಡೆದು ಹೋಗುತ್ತಿದ್ದರಂತೆ. ಆ ಹುಡುಗ ಅಂಗಿಯ ತೋಳು ಮಡಚಿ, ಹೊಟ್ಟಿನೊಳಗೆ ಮೊಣಕೈ ತನಕ ಕೈ ತೂರಿಸಿ ಹಸಿ ಎಷ್ಟಿದೆ ಎಂದು ನೋಡಿದ್ದನಂತೆ.

ಆಮೇಲೆ ದನಿ ತಗ್ಗಿಸಿದ.

"ಗುಡ್ಡದ ಮ್ಯಾಲೆ ಅಷ್ಟು ಗಾಳಿನೇ ಇಲ್ರಿ. ಹಂಗಂತ ಅವನೇ ಹೇಳಿದ. ಕಂಬದ ಕಾವಲುಗಾರನ ಹೇಣ್ತಿ ಎಲ್ಲಮ್ಮ ಕಡ್ಲಿ ತೂರಾಕ ಗಾಳಿ ಇಲ್ಲಂತ ಮೊರ ಹಿಡ್ಕೊಂಡು ಕಣದಾಗ ಸುಮ್ನ ಕುಂತ ದಿನಾನೂ ಕಂಬ ಜೋರು ಗಾಳಿ ಐತಿ ಅಂತ ತೋರಿಸೈತಿ. ಯಾರೋ ಕಂಬದ ಯಂತ್ರಕ್ಕ ಕೈ ಹಚ್ಯಾರ, ನಾ ಹೊಟ್ಟಿಗೇ ಬರೀತೀನಿ ಸಾವ್ಕಾರ್ರ, ಮ್ಯಾಲಿನೋರಿಗೂ ಹೇಳೀನಿ ಅಂದ. ಅಂಥವನ್ನ ನಾ ಯಾಕ ಕೊಲ್ಲಲಿ?"

ಸತ್ತವನ ಬಾಯಲ್ಲಿ ಯಾರು ಏನು ಬೇಕಾದರೂ ಇಡಬಹುದು. ಯಶೋಧರಾ ಆ ಮಾತನ್ನು ನಂಬಲಿಲ್ಲ. ನಂಬುವ ಸ್ಥಿತಿಯಲ್ಲೂ ಇರಲಿಲ್ಲ, ಯಾಕೆಂದರೆ ಇವನು ಕೊಲೆಗಾರನಲ್ಲವಾದರೆ ಓಬಳೇಶನನ್ನು ಉಳಿಸುವ ದಾರಿ ಮುಚ್ಚಿಹೋಗುತ್ತಿತ್ತು.

ಓಬಳೇಶ ಆ ಕಂಬದ ಕಾವಲುಗಾರ, ಎಲ್ಲಮ್ಮನ ಗಂಡ. ಅವನೀಗ ಬಳ್ಳಾರಿ ಜೈಲಿನಲ್ಲಿದ್ದ. ನಾಳೆ ಕೋರ್ಟಿನಲ್ಲಿ ಅವನ ಜಾಮೀನಿನ ಅರ್ಜಿ ಬರುವುದಿತ್ತು, ಸಿಗುವ ಲಕ್ಷಣ ಇರಲಿಲ್ಲ. ಅವನನ್ನು ಅಲ್ಲಿಗೆ ಕಳಿಸಿದ್ದು ಯಶೋಧರಾಳದೇ ಬುದ್ಧಿವಂತಿಕೆ.

"ಒಂದು ಗಳಿಗಿ ನನ್ನ ಜೋಡಿ ಗುಡ್ಡಕ್ಕ ಬರ್ತೀರೇನ್ರಿ?" ಎಂದು ಕೇಳಿದಳು.

ಚನ್ನಬಸವರಾಜ ಅವಳನ್ನು ಮೇಲಿಂದ ಕೆಳಗೆ ನೋಡಿದ. ಒಲ್ಲೆ ಅಂದರೆ ಹೆದರಿದ ಅಂದುಕೊಂಡಾರು ಎಂಬ ಲೆಕ್ಕ ಅವನ ಮುಖದ ಮೇಲೇ ಓಡಿತು. ಕಾರಿನ ಕೀಲಿ ಎತ್ತಿಕೊಂಡ.

ಕಾರು ಕುರುಗೋಡಿನ ದಾರಿ ಹಿಡಿಯಿತು. ಗದ್ದೆಗಳು ಮುಗಿದು, ಒಣ ಹೊಲ ಶುರುವಾಗಿ, ದೂರದಲ್ಲಿ ಬಂಡೆ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು ಕಾಣತೊಡಗಿದರೂ ಅವಳ ತಲೆಯೊಳಗೆ ಒಂದೇ ಒಂದು ಜೊತೆ ಬೂಟು ಕೂತಿತ್ತು.

ಸಮ್ರಾಟ್ ಕಂಬ ಹತ್ತಿ ಬಿದ್ದ ಎಂದೇ ಎಲ್ಲರೂ ಮೊದಲು ತಿಳಿದಿದ್ದರು. ಆದರೆ ಹೆಣದ ಕಾಲಲ್ಲಿ ಬೂಟಿರಲಿಲ್ಲ. ಅವು ಬೇರೆ ಕಡೆ ಸಿಕ್ಕವು. ಕಬ್ಬಿಣದ ಕಂಬವನ್ನು ಬೂಟಿಲ್ಲದೆ ಹತ್ತುವವರು ಯಾರು? ಹೋಗಲಿ, ಬರಿಗಾಲಲ್ಲೇ ಗುಡ್ಡ ಹತ್ತಿದ ಅಂದುಕೊಂಡರೆ ಅವನ ಕಾಲುಚೀಲದ ಅಡಿಭಾಗ ಒಗೆದು ಮಡಚಿಟ್ಟಷ್ಟು ಚೊಕ್ಕವಾಗಿತ್ತು. ಅಂದರೆ ಅವನು ನಡೆದಿರಲಿಲ್ಲ. ಯಾರೋ ಕೊಂದು, ಹೊತ್ತು ತಂದು, ಬಿದ್ದಂತೆ ಮಲಗಿಸಿದ್ದರು.

ಹೊತ್ತು ತಂದವನು ಹೆಣದ ಬೂಟು ಬಿಚ್ಚಿದ್ದು ಯಾಕೆ?

ಅದಕ್ಕೆ ಉತ್ತರ ಕಂಡುಹಿಡಿದ ದಿನ ಯಶೋಧರಾ ಖುಷಿಯಿಂದ ಕುಣಿಯುವುದೊಂದು ಬಾಕಿ. ಆ ಗುಡ್ಡದ ಮೇಲ್ಭಾಗ ಸುಂಕಲಮ್ಮನ ಸ್ಥಳ. ಅಲ್ಲಿನವರು ಚಪ್ಪಲಿ ಮೆಟ್ಟಿ ಮೇಲೆ ಹೋಗುವುದಿಲ್ಲ. ಕೂಸುಗಳು ನಡೆಯುವುದನ್ನು ಕಲಿಯುವಾಗಲೇ ಅದನ್ನೂ ಕಲಿಯುತ್ತವೆ. ಕೊಲ್ಲಲು ಹೇಸದ ಆ ಮನುಷ್ಯನಿಗೆ ಹೆಣದ ಕಾಲಲ್ಲಾದರೂ ಸರಿ, ಚರ್ಮದ ಬೂಟನ್ನು ತಾಯಿಯ ಜಾಗಕ್ಕೆ ಒಯ್ಯಲು ಧೈರ್ಯ ಬಂದಿರಲಿಲ್ಲ. ತನ್ನದನ್ನು ಬಿಚ್ಚಿದ, ಅವನದನ್ನೂ ಬಿಚ್ಚಿಟ್ಟ. ಇಳಿದು ಬರುವಾಗ ಗುಡಿಯ ಮುಂದೆ ಎಲ್ಲರೂ ಮಾಡುವಂತೆ ತನ್ನದನ್ನಷ್ಟೇ ಮೆಟ್ಟಿಕೊಂಡು ನಡೆದ, ಇನ್ನೊಬ್ಬರದನ್ನು ಮುಟ್ಟಲಿಲ್ಲ. ಹೀಗೆ ಮಾಡುವವನು ಈ ಗುಡ್ಡದ ನೆರಳಿನಲ್ಲಿ ಬೆಳೆದವನೇ ಆಗಿರಬೇಕು.

ಹಾಗೆಂದು ವರದಿ ಬರೆದು, ತನ್ನನ್ನು ನೇಮಿಸಿಕೊಂಡ ಪ್ರದೀಪನಿಗೆ ಕೊಟ್ಟಳು. ಪ್ರದೀಪ ಆ ಸಿಂಗಪುರದ ಸಂಸ್ಥೆಯ ಈ ಭಾಗದ ಮುಖ್ಯಸ್ಥ, ಸಮ್ರಾಟ್‌ನ ಮೇಲಧಿಕಾರಿ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ, ಸಮ್ರಾಟ್ ಸತ್ತ ಮೇಲೆಯೇ ಬಳ್ಳಾರಿಯ ಮುಖ ನೋಡಿದ್ದು ಎಂದು ಹೇಳಿಕೊಂಡಿದ್ದ. ನಯವಾದ ಮನುಷ್ಯ. ವರದಿ ಓದಿ ಕಣ್ಣಲ್ಲಿ ನೀರು ತಂದುಕೊಂಡ, ಅದನ್ನು ಪೊಲೀಸರಿಗೆ ತಲುಪಿಸಿದ.

ಪೊಲೀಸರು ಓದಿದರು. ಈ ಗುಡ್ಡದವನು, ದೇವಿಯ ಭಕ್ತ, ಕಂಬದ ಹತ್ತಿರ ಓಡಾಡುವವನು ಯಾರು? ಓಬಳೇಶ. ಆ ಹೊತ್ತಿನಲ್ಲಿ ಕಾವಲು ಬಿಟ್ಟು ಮೋಕದಲ್ಲಿ ಮಗಳ ಮನೆಗೆ ಹೋಗಿದ್ದೆ ಎಂದು ಅವನು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಲೆಗಾರನಿಗೆಂದು ಯಶೋಧರಾ ಹೆಣೆದ ಬಲೆ ಒಬ್ಬ ಬಡವನ ಕೊರಳಿಗೆ ಬಿತ್ತು. ಅದನ್ನು ಬಿಡಿಸುವ ಗಂಟು ಮಾತ್ರ ಅವಳಿಗೆ ಸಿಗಲಿಲ್ಲ.

ಇವತ್ತು ಬೆಳಿಗ್ಗೆ ಎಲ್ಲಮ್ಮ ಅವಳನ್ನು ಗುಡ್ಡಕ್ಕೆ ಕರೆದೊಯ್ದಿದ್ದಳು. ಬೂಟು ಗುಡ್ಡದ ಬುಡದ ಗೇಟಿನ ಹತ್ತಿರ ಸಿಕ್ಕವು ಎಂದು ಪೊಲೀಸರು ಬರೆದಿದ್ದರು, ಯಶೋಧರಾಳ ವರದಿಯಲ್ಲೂ ಹಾಗೇ ಇತ್ತು. ಎಲ್ಲಮ್ಮ ಅಲ್ಲ ಅಂದಳು. ಬೂಟನ್ನು ಮೊದಲು ಕಂಡವಳು ತಾನು, ಪೊಲೀಸರು ಬರುವ ಮುಂಚೆ ಎತ್ತಿ ಗೇಟಿನ ಹತ್ತಿರ ತಂದಿಟ್ಟವಳೂ ತಾನೇ ಎಂದಳು. ಅಮ್ಮನ ದಾರಿಯಲ್ಲಿ ಸತ್ತವನ ಬೂಟು ಬಿದ್ದಿರಬಾರದೆಂದು ಹಾಗೆ ಮಾಡಿದ್ದಳು, ಬೈದಾರೆಂದು ಬಾಯಿ ಮುಚ್ಚಿಕೊಂಡಿದ್ದಳು.

ಅವು ನಿಜವಾಗಿ ಇದ್ದದ್ದು ಮೇಲೆ, ರಸ್ತೆಯ ತಿರುವಿನಲ್ಲಿ. ನೋಡಿದರೆ ಬರೀ ಕೆಮ್ಮಣ್ಣು. ಹಿಂದೆ ಅಲ್ಲೊಂದು ಗಡಿಗಲ್ಲು ಇತ್ತಂತೆ, ಊರವರು ಚಪ್ಪಲಿ ಬಿಡುವುದು ಅಲ್ಲೇ ಅಂತೆ. ಕಂಬಕ್ಕೆ ದಾರಿ ಮಾಡುವಾಗ ಜೆಸಿಬಿಯವರು ಅದನ್ನು ಕಿತ್ತು ಕಮರಿಗೆ ದೂಡಿದ್ದರು.

"ಕಲ್ಲು ಹೋದ್ರೇನಾತು, ಅಮ್ಮನ ಗಡಿ ಇದ ಐತಿ," ಎಂದಿದ್ದಳು ಎಲ್ಲಮ್ಮ. "ನಮ್ಮ ಕಾಲಿಗೆ ಗೊತ್ತೈತಿ, ಮೇಡಮ್ಮಾರ. ಹೊರಗಿನೋರಿಗೆ ಹೆಂಗ ಗೊತ್ತಾಗಬೇಕು?"

ಆ ಮಾತಿನಿಂದಲೇ ಯಶೋಧರಾಳಿಗೆ ಚನ್ನಬಸವರಾಜನ ನೆನಪಾದದ್ದು. ಅವನ ತಾಯಿಯ ತವರು ಕುರುಗೋಡು. ಸಾಲೆಯ ರಜೆಯೆಲ್ಲ ಇಲ್ಲೇ ಕಳೆದವನು. ತಿರುವಿನ ಗುಟ್ಟು ವರದಿಯಲ್ಲಿಲ್ಲ, ಪೊಲೀಸರಿಗೂ ಗೊತ್ತಿಲ್ಲ. ಮಾತಾಡಿಸುತ್ತ ಅವನನ್ನು ಗುಡ್ಡ ಹತ್ತಿಸಬೇಕು, ತಿರುವಿನಲ್ಲಿ ಅವನ ಕಾಲು ಏನು ಮಾಡುತ್ತದೆ ನೋಡಬೇಕು. ಅದನ್ನು ವಕೀಲರಿಗೆ ಹೇಳಿದರೆ ನಾಳೆ ಓಬಳೇಶನಿಗೆ ಉಸಿರಾಡಲು ಒಂದಿಷ್ಟು ಜಾಗವಾದರೂ ಸಿಕ್ಕೀತು.

ಆದರೆ ಚನ್ನಬಸವರಾಜನ ಆಳುಗಳು ಎಲ್ಲಮ್ಮನ ಬಾಯಿ ಮುಚ್ಚಿಸಿದರೆ? ಆ ಹೆದರಿಕೆಗೆ ಅವಳು ಪ್ರದೀಪನಿಗೆ ಫೋನು ಮಾಡಿ, ಎಲ್ಲಮ್ಮನಿಗೆ ಗೊತ್ತಿರುವ ಒಂದು ಸಂಗತಿ ಪೊಲೀಸರಿಗೂ ಗೊತ್ತಿಲ್ಲ, ನಾಳೆಯವರೆಗೆ ಅವಳು ಎಲ್ಲಾದರೂ ಭದ್ರವಾಗಿರಬೇಕು ಎಂದಳು. ಪ್ರದೀಪ ತಾನೇ ಕಾರು ತಂದ. ಹಲಕುಂದಿಯ ಹತ್ತಿರ ಕಂಪನಿ ಹಿಡಿದ ಮನೆಯಿದೆ, ಬಿಟ್ಟು ಬರುತ್ತೇನೆ ಎಂದ.

ಎಲ್ಲಮ್ಮ ಹತ್ತಲು ಒಲ್ಲೆ ಅಂದಳು. ಯಶೋಧರಾ ಕೈ ಹಿಡಿದು ಒತ್ತಾಯ ಮಾಡಿದಳು. ಅಷ್ಟರಲ್ಲಿ ಎಲ್ಲಮ್ಮನ ಮಡಿಲಲ್ಲಿದ್ದ ಬಟನ್ ಫೋನು ಹುಂಜದಂತೆ ಕೂಗಿ ಇಬ್ಬರೂ ಬೆಚ್ಚಿದರು. ಮೋಕದ ಮಗಳ ಕರೆ. ಆ ಕೂಗನ್ನು ಓಬಳೇಶನೇ ಹಾಕಿಸಿಕೊಟ್ಟಿದ್ದನಂತೆ, ಗುಡ್ಡದ ಮೇಲಿನಿಂದ ತಾನು ಕರೆ ಮಾಡಿದರೆ ಇವಳಿಗೆ ಎಚ್ಚರವಾಗಲಿ ಅಂತ. ಈಗ ತೆಗೆಸಲು ಮನಸ್ಸು ಬರುತ್ತಿಲ್ಲ ಎಂದು ಎಲ್ಲಮ್ಮ ನಾಚಿಕೊಂಡಳು.

"ನೀವು ಹೇಳಿದ್ರಂತ ಹೊಂಟೀನಿ ನೋಡ್ರಿ," ಎಂದು ಕಾರು ಹತ್ತಿದ್ದಳು.

ಗುಡ್ಡದ ಬುಡ ತಲುಪಿದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಅವಳು ಹೇಳಿದ್ದಂತೆ ಪ್ರದೀಪ ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದ. ಎಲ್ಲಮ್ಮ ಊಟ ಮಾಡಿ ಮಲಗಿದ್ದಾಳೆ ಎಂದು ತಾನಾಗಿ ಹೇಳಿದ. ಯಶೋಧರಾಳಿಗೆ ಎದೆಯ ಮೇಲಿನ ಒಂದು ಭಾರ ಇಳಿಯಿತು.

ಗೇಟಿನಲ್ಲಿ ಪ್ರದೀಪ ನಿಂತು, "ಬೂಟು ಬಿಡಬೇಕಾದ ಜಾಗ ಇದೇ ಅಲ್ವಾ? ನಿಮ್ಮ ವರದಿಯಲ್ಲಿ ಓದಿದ್ದೆ," ಎಂದು ಮೆಲ್ಲಗೆ ಕೇಳಿದ. ಈಗ ಅದರ ಮಾತೆತ್ತಿದರೆ ಚನ್ನಬಸವರಾಜ ಎಚ್ಚರವಾಗುತ್ತಾನೆ. ಯಶೋಧರಾ ಕಣ್ಸನ್ನೆಯಲ್ಲೇ ಬೇಡವೆಂದಳು. ಪ್ರದೀಪ ತಲೆಯಾಡಿಸಿ, ಬೂಟುಗಾಲಲ್ಲೇ ಗೇಟು ದಾಟಿದ. ಅವನಿಗೆ ಫೋನು ಬಂತು, ಸಿಂಗಪುರದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ಹಿಂದೆ ಉಳಿದ.

ಚನ್ನಬಸವರಾಜ ಮುಂದೆ ನಡೆದ. ವಯಸ್ಸಿಗೆ ಮೀರಿದ ಬಿರುಸು. ಯಶೋಧರಾ ಅವನ ಕಪ್ಪು ಬೂಟಿನ ಮೇಲಿಂದ ಕಣ್ಣು ಕೀಳದೆ ಹಿಂಬಾಲಿಸಿದಳು. ಒಂದು ದೊಡ್ಡ ಬಂಡೆ ದಾಟಿತು. ಜಾಲಿಯ ಪೊದೆ ದಾಟಿತು. ತಿರುವು ಬಂತು.

ಬೂಟು ತಿರುವಿನ ಕೆಮ್ಮಣ್ಣು ತುಳಿದುಕೊಂಡು ಸೀದಾ ಮುಂದಕ್ಕೆ ಹೋಯಿತು.

ನಿಲ್ಲಲಿಲ್ಲ, ತಡೆಯಲಿಲ್ಲ, ಹೆಜ್ಜೆ ಒಂದಿಷ್ಟೂ ಹಿಂದೆ ಮುಂದೆ ಆಗಲಿಲ್ಲ. ಗೊತ್ತಿದ್ದವನು ನಟಿಸುವುದಾದರೂ ಯಾಕೆ, ಇಲ್ಲಿ ಪರೀಕ್ಷೆ ನಡೆದಿದೆ ಎಂಬುದೇ ಅವನಿಗೆ ಗೊತ್ತಿಲ್ಲವಲ್ಲ. ಚನ್ನಬಸವರಾಜ ಕಂಬದ ತನಕ ಹೋಗಿ, ತಲೆಯೆತ್ತಿ ಅದನ್ನು ನೋಡಿ, ಸೊಂಟದ ಮೇಲೆ ಕೈಯಿಟ್ಟು ತಿರುಗಿದ.

"ಏನ್ ತೋರಿಸಾಕ ಕರ್ಕೊಂಡು ಬಂದ್ರಿ?"

ಯಶೋಧರಾ ಅವನ ಬೂಟನ್ನೇ ಇನ್ನೊಮ್ಮೆ ನೋಡಿದಳು. ಚಿಕ್ಕಂದಿನಲ್ಲಿ ಈ ಗುಡ್ಡಕ್ಕೆ ಬರುತ್ತಿದ್ದಿರಾ ಎಂದಷ್ಟೇ ಕೇಳಿದಳು. ತನ್ನ ತಾಯಿಯ ಮನೆ ಪೇಟೆಯೊಳಗೆ, ಈ ಗುಡ್ಡವನ್ನು ಹತ್ತಿದ್ದು ಇವತ್ತೇ ಮೊದಲು ಎಂದು ಅವನು ರೇಗಿದ. ಇಷ್ಟಕ್ಕಾಗಿ ತನ್ನ ಅರ್ಧ ದಿನ ಹಾಳು ಮಾಡಿದಿರಿ ಎಂದು ಗೊಣಗುತ್ತ, ಬಂದಷ್ಟೇ ಬಿರುಸಿನಲ್ಲಿ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಕೆಳಗೆ ಅವನ ಕಾರು ಸಿರುಗುಪ್ಪದ ಕಡೆ ಧೂಳೆಬ್ಬಿಸಿಕೊಂಡು ಹೋಗುವುದು ಕಂಡಿತು.

ಅವಳು ಕಂಬದ ಬುಡದ ಬಂಡೆಯ ಮೇಲೆ ಕುಸಿದು ಕೂತಳು. ಮೇಲೆ ಗಾಳಿ ಅಳೆಯುವ ಬಟ್ಟಲುಗಳು ಅಲುಗದೆ ನಿಂತಿದ್ದವು. ಓಬಳೇಶನ ಮುಖ ಕಣ್ಣೆದುರು ಬಂತು. ಮೊನ್ನೆ ಜೈಲಿನ ಜಾಲರಿಯ ಆಚೆಯಿಂದ ಅವನು ಬೈದಿರಲಿಲ್ಲ, ಅತ್ತಿರಲಿಲ್ಲ. ಎಲ್ಲಮ್ಮಗ ಮಾತ್ರ ಏನೂ ಆಗದಂಗ ನೋಡ್ಕೋರಿ ಎಂದಷ್ಟೇ ಕೈ ಮುಗಿದಿದ್ದ. ಅವನಿಗೆ ನಾಳೆ ಹೇಳಲು ಅವಳ ಹತ್ತಿರ ಒಂದೇ ಒಂದು ಮಾತೂ ಉಳಿದಿರಲಿಲ್ಲ. ಕೈಕಾಲು ಕಟ್ಟಿ ಕೂರಿಸಿದಂತಾಗಿ, ಹತ್ತಿರ ಯಾರೂ ಇಲ್ಲವೆಂದುಕೊಂಡು ಅತ್ತಳು.

"ಇಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ, ಮೇಡಂ."

ಪ್ರದೀಪ ಬಂದು ಎದುರಿಗೆ ನಿಂತಿದ್ದ. ಫೋನಿನ ಮಾತು ಆಗಷ್ಟೇ ಮುಗಿದಿತ್ತು. ನೀರಿನ ಬಾಟಲಿ ಮುಂದೆ ಹಿಡಿದ. ನಿಮ್ಮ ಕೈಲಾದದ್ದನ್ನೆಲ್ಲ ಮಾಡಿದಿರಿ, ಇನ್ನು ಕಾನೂನಿಗೆ ಬಿಟ್ಟುಬಿಡೋಣ, ಸಂಸ್ಥೆಯೂ ಸೋಮವಾರ ಗುಡ್ಡದ ಯೋಜನೆಗೆ ಸಹಿ ಹಾಕುತ್ತಿದೆ, ಸಮ್ರಾಟ್ ಬದುಕಿದ್ದರೆ ಅದನ್ನೇ ಬಯಸುತ್ತಿದ್ದ ಎಂದು ಸಮಾಧಾನದ ದನಿಯಲ್ಲಿ ಹೇಳಿದ.

ಸಮ್ರಾಟ್ ಅದನ್ನು ಬಯಸಿರಲಿಲ್ಲ ಎಂದಿದ್ದ ಚನ್ನಬಸವರಾಜ. ಹೊಟ್ಟಿಗೇ ಬರೀತೀನಿ, ಮ್ಯಾಲಿನೋರಿಗೂ ಹೇಳೀನಿ.

ಯಶೋಧರಾ ಬಾಟಲಿಗೆ ಕೈ ಚಾಚಿದವಳು ಹಾಗೇ ತಲೆ ತಗ್ಗಿಸಿದಳು. ಎದುರಿಗೆ ಬೂದು ಬಣ್ಣದ ಕಾಲುಚೀಲಗಳಿದ್ದವು. ಅಡಿಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡಿತ್ತು.

ಅವಳ ಕಣ್ಣು ಅವನ ಹಿಂದೆ ರಸ್ತೆಯುದ್ದಕ್ಕೆ ಇಳಿಯಿತು. ಕೆಳಗೆ ತಿರುವಿನಲ್ಲಿ, ಎಲ್ಲಮ್ಮ ಬೆಳಿಗ್ಗೆ ತೋರಿಸಿದ ಆ ಗುರುತಿಲ್ಲದ ಜಾಗದಲ್ಲೇ, ಒಂದು ಜೊತೆ ಕಂದು ಬೂಟು ರಸ್ತೆಯ ಅಂಚಿಗೆ ಒತ್ತಾಗಿ, ಒಂದರ ಪಕ್ಕ ಒಂದು, ಒಪ್ಪವಾಗಿ ಕೂತಿತ್ತು. ಗೇಟಿನಲ್ಲಿ ಬಿಡಬೇಕೇ ಎಂದು ಕೇಳಿದ ಮನುಷ್ಯ, ಫೋನಿನಲ್ಲಿ ಮೈಮರೆತು ನಡೆಯುವಾಗ, ಯಾರೂ ಹೇಳದ ಕಡೆ ಬೂಟು ಬಿಚ್ಚಿಟ್ಟು ಬಂದಿದ್ದ. ಹಾಗೆ ಮಾಡಿದ್ದು ಅವನಿಗೆ ಈಗಲೂ ಗೊತ್ತಿರಲಿಲ್ಲ.

ಮುಂಬಯಿಯಲ್ಲಿ ಬೆಳೆದವನ ಕಾಲಿಗೆ ಈ ಗಡಿ ಹೇಗೆ ಗೊತ್ತು?

ಆಮೇಲೆ ಇನ್ನೊಂದು ಹೊಳೆಯಿತು. ಅದು ಹೊಳೆದ ಕೂಡಲೇ ಮೊದಲನೆಯದು ಮರೆತೇ ಹೋಯಿತು. ಎಲ್ಲಮ್ಮನನ್ನು ಕೈ ಹಿಡಿದು ಇವನ ಕಾರಿಗೆ ಹತ್ತಿಸಿದವಳು ತಾನು. ಇವಳಿಗೊಂದು ಸಂಗತಿ ಗೊತ್ತಿದೆ ಎಂದು ಇವನಿಗೆ ಹೇಳಿದವಳೂ ತಾನೇ.

ಕಣ್ಣೊರೆಸಿಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿ, ವೇಲಿನ ಮರೆಯಲ್ಲಿ ಫೋನು ತೆಗೆದಳು. ಎಲ್ಲಮ್ಮನ ಹೆಸರು ಒತ್ತಿದಳು. ಒಮ್ಮೆ ಹಲೋ ಅನ್ನಲಿ ಸಾಕು, ಸುಂಕಲಮ್ಮ, ಒಮ್ಮೆ ದನಿ ಕೇಳಿಸಲಿ ಎಂದು, ಯಾವ ದೇವರಿಗೂ ಹರಕೆ ಹೊರದವಳು ಬೇಡಿಕೊಂಡಳು.

ಪ್ರದೀಪನ ಕೋಟಿನ ಜೇಬಿನೊಳಗೆ ಹುಂಜ ಕೂಗಿತು.